ಐದು ಅಂದರೆ ಇಲ್ಲಿನ ಐದು

ರಾತ್ರಿಯಿಡೀ ಬೇಕರಿಯ ಒಲೆಯ ಮುಂದೆ ಬೆಂದು, ಬೆಳಿಗ್ಗೆ ಮನೆಗೆ ಬಂದು ಹಾಸಿಗೆಗೆ ಬಿದ್ದವನನ್ನು ಲೆಕ್ಕ ಹೇಳಲೆಂದು ಎಬ್ಬಿಸುವವರಿಗೆ ಏನನ್ನಬೇಕು? ನಮ್ಮ ಬೇಕರಿಯವನು ಅನ್ನಬೇಕಾದ್ದನ್ನೆಲ್ಲ ಹಲ್ಲು ಕಚ್ಚಿ ನುಂಗಿಕೊಂಡ. ಅಂದು ಹೆಂಡತಿಯ ಅಣ್ಣ ದೂರದೂರಿನಿಂದ ವಿಮಾನದಲ್ಲಿ ಬರುವವನಿದ್ದ.

ಹಿಂದಿನ ಸಲ ಬಾವ ರೈಲಿನಲ್ಲಿ ಬಂದಾಗ ಇವನು ತಡವಾಗಿ ಹೋಗಿದ್ದ. ಕಾದು ಕಾದು ಸಾಕಾದ ಬಾವ ಮುಂದಿನ ರೈಲು ಹತ್ತಿ ವಾಪಸು ಹೋದವನು ಆರು ವರ್ಷ ಮಾತು ಬಿಟ್ಟಿದ್ದ. "ಈ ಸಲವೂ ಅಣ್ಣನ್ನ ಕಾಯಿಸಿದ್ರೆ, ಅವನ ಜೊತೆ ನಾನೂ ಹೊರಟೆ ಅಂತಲೇ ತಿಳ್ಕೊಳ್ಳಿ" ಎಂದಿದ್ದಳು ಹೆಂಡತಿ. ಅವಳು ಹೇಳಿದರೆ ಮಾಡುವವಳೇ.

ಟಿಕೆಟ್ಟಿನಲ್ಲಿ ಎಲ್ಲ ಸ್ಪಷ್ಟವಾಗಿತ್ತು: ಅಲ್ಲಿ ಬೆಳಿಗ್ಗೆ ಎಂಟಕ್ಕೆ ಹೊರಡುವುದು, ಇಲ್ಲಿ ಸಂಜೆ ಐದಕ್ಕೆ ಇಳಿಯುವುದು. ಅದನ್ನು ಹೆಂಡತಿ ಮಹಡಿ ಮನೆಯ ನಿವೃತ್ತ ಪೋಸ್ಟ್‌ಮಾಸ್ತರರಿಗೆ ತೋರಿಸಿದ್ದೇ ತಪ್ಪಾಯಿತು.

"ಏಳಪ್ಪಾ, ಏಳು! ಎರಡೂ ಊರಿನ ಮಧ್ಯೆ ಐದು ಸಾವಿರ ಕಿಲೋಮೀಟರು. ವಿಮಾನಕ್ಕೆ ಆರು ಗಂಟೆ ಸಾಕು. ಎಂಟಕ್ಕೆ ಹೊರಟದ್ದು ಎರಡಕ್ಕೇ ಇಳಿಯುತ್ತೆ. ಐದು ಅಂತ ತಪ್ಪು ಹಾಕಿದಾರೆ!"

"ಅಲ್ಲಿನ ಗಡಿಯಾರ ನಮಗಿಂತ ಮೂರು ಗಂಟೆ ಹಿಂದೆ ಸ್ವಾಮಿ. ಐದು ಅಂದ್ರೆ ಇಲ್ಲಿನ ಐದು" ಎಂದವನೇ ಮುಸುಕೆಳೆದ.

ಕಣ್ಣು ಹತ್ತುವಷ್ಟರಲ್ಲಿ ಎದುರು ಮನೆಯ ದರ್ಜಿ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ನುಗ್ಗಿದ.

"ಮೂರು ಗಂಟೆ ಹಿಂದೆ ಅಂದ್ಯಂತೆ? ಹಾಗಾದ್ರೆ ಐದಕ್ಕೆ ಮೂರು ಸೇರಿಸು. ಎಂಟಕ್ಕೆ ಬರ್ತಾರೆ. ಆರಾಮಾಗಿ ಮಲಗು!"

"ಮಲಗಿದ್ದೆನಲ್ಲಯ್ಯಾ! ಎಬ್ಬಿಸಿದ್ದು ನೀನು!"

ಅಷ್ಟರಲ್ಲಿ ಪೋಸ್ಟ್‌ಮಾಸ್ತರರು ಮತ್ತೆ ಇಳಿದು ಬಂದರು. ಮಂಚದ ಬುಡದಲ್ಲೇ ಜಗಳ ಶುರುವಾಯಿತು.

"ಹೇಳಿದ ದಿನ ಒಂದು ಅಂಗಿ ಹೊಲಿದು ಕೊಟ್ಟವನಲ್ಲ ನೀನು. ನೀನು ಹೊತ್ತಿನ ಮಾತಾಡ್ತೀಯಾ?"

"ನಿಮ್ಮ ಅಂಚೆ ಬಂದು ಮುಟ್ಟೋ ಚೆಂದ ನಮಗೆ ಗೊತ್ತಿಲ್ವಾ?"

ದಿಂಬು ಗೋಡೆಗೆ ಬಡಿಯಿತು. "ಮನೆಯೋ ಸಂತೆಯೋ ಇದು? ಇಬ್ಬರೂ ನಡೀರಿ ಹೊರಗೆ!" ಎಂದು ಬೇಕರಿಯವನು ಅಬ್ಬರಿಸಿದ. ಅವರು ಹೋದರು. ಆದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ಅಲ್ಲಾ, ಅಕಸ್ಮಾತ್ ಎರಡಕ್ಕೇ ಬಂದುಬಿಟ್ರೆ?"

"ನಿಮ್ಮೆಲ್ಲರ ಲೆಕ್ಕಕ್ಕೆ ಬೆಂಕಿ ಹಾಕ! ಈಗಲೇ ಹೋಗಿ ಅಲ್ಲೇ ಕೂತು ಸಾಯ್ತೀನಿ!"

ಹಾಗೆಂದು ಉರಿಯುವ ಕಣ್ಣಲ್ಲಿ ಅಂಗಿ ತಿರುವುಮುರುವು ತೊಟ್ಟು ಹೊರಟೇಬಿಟ್ಟ. ವಿಮಾನ ನಿಲ್ದಾಣದಲ್ಲಿ, ಪ್ರಯಾಣಿಕರು ಹೊರಬರುವ ಬಾಗಿಲಿಗೆ ಎದುರಾಗಿಯೇ ಒಂದು ಕುರ್ಚಿ ಹಿಡಿದ. ಎರಡಾಯಿತು, ಬಾವ ಇಲ್ಲ. ಪೋಸ್ಟ್‌ಮಾಸ್ತರರ ಫೋನು ಬಂತು.

"ಬಂದ್ರಾ?"

"ಇಲ್ಲ!"

"ಸರಿಯಾಗಿ ನೋಡಿದ್ಯಾ?"

ಇಟ್ಟ ಬೆನ್ನಿಗೇ ದರ್ಜಿ. "ಎಂಟಕ್ಕೆ ಅಂತ ಬಡ್ಕೊಂಡೆ. ಕೇಳಿದ್ಯಾ?"

ಮೈಯೆಲ್ಲ ಉರಿದುಹೋಯಿತು. ಫೋನಿನ ಸದ್ದಡಗಿಸಿ ಜೇಬಿಗೆ ತುರುಕಿದ. ಇನ್ನೂ ಹೊತ್ತಿದೆ, ಒಂದು ನಿಮಿಷ ಕಣ್ಣು ಮುಚ್ಚಿದರೆ ಯಾರ ಗಂಟು ಹೋಗುತ್ತದೆ ಎಂದುಕೊಂಡ.

ಎಚ್ಚರವಾದಾಗ ಹೊರಗೆ ದೀಪ ಹತ್ತಿದ್ದವು. ಗಡಿಯಾರದಲ್ಲಿ ಏಳು ದಾಟಿತ್ತು. ಜೇಬಿನಿಂದ ಫೋನು ಎಳೆದು ಹೆಂಡತಿಗೆ ಕರೆ ಮಾಡಿದ.

"ವಿಮಾನ ಸರಿಯಾಗಿ ಐದಕ್ಕೇ ಇಳೀತಂತೆ" ಎಂದಳು ಅವಳು. ದನಿ ತಣ್ಣಗಿತ್ತು. "ಅಣ್ಣ ಆಗಿಂದ ಎರಡು ತಾಸು ಕಾಯ್ತಾ ಇದಾನೆ. ನಾನು ಬಟ್ಟೆ ಜೋಡಿಸ್ಕೊಂಡಾಯ್ತು."

"ಎಲ್ಲಿ ಕಾಯ್ತಿದಾನೆ? ಯಾವ ಬಾಗಿಲ ಹತ್ರ? ಹೇಳೇ ಬೇಗ!"

"ನಿಮ್ಮ ಪಕ್ಕದ ಕುರ್ಚಿಲಿ."

ಬೇಕರಿಯವನು ಮೆಲ್ಲಗೆ ಕತ್ತು ತಿರುಗಿಸಿದ. ಬಾವ ತೊಡೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು ನೆಟ್ಟಗೆ ಕೂತಿದ್ದ.

"ಒಂದು ಸಲ ಎಬ್ಬಿಸಬಾರದಿತ್ತೇ ಬಾವ?"

"ಕರ್ಕೊಂಡು ಹೋಗೋಕೆ ಬಂದವರು ನೀವು" ಎಂದ ಬಾವ, ಗಡಿಯಾರ ನೋಡುತ್ತ. "ಎಬ್ಬಿಸೋನು ನಾನಾ?"