ಗುಡ್ಡಕ್ಕೊಂದು ಪೊರಕೆ

"ಒಂದೇ ಒಂದು ಭಾನುವಾರ ನನ್ನ ಕೈಗೆ ಕೊಡಿ. ಆ ಗುಡ್ಡದ ದಾರಿ ತುಂಬ ಜನ ನಿಂತು ಕೆಲಸ ಮಾಡೋ ಹಾಗೆ ಮಾಡದಿದ್ರೆ ನನ್ನ ಹೆಸರು ಬದಲಾಯಿಸಿ!"

ಹೀಗೆಂದು ನಾನು ಘೋಷಿಸಿದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತು. ಯುದ್ಧಕ್ಕೆ ಹೊರಟ ರಾಣಿಯರ ಕೈಯಲ್ಲಿ ಖಡ್ಗವಿರುತ್ತದಂತೆ. ನನ್ನ ಕೈಯಲ್ಲಿ ಸೌಟಿತ್ತು. ಎತ್ತಿದ ರಭಸಕ್ಕೆ ಅದರಿಂದ ನಾಲ್ಕು ಹನಿ ಸಿಡಿದು ಊಟಕ್ಕೆ ಕುಳಿತಿದ್ದ ನಮ್ಮ ಯಜಮಾನರ ಕನ್ನಡಕದ ಮೇಲೆ ಬಿತ್ತು. ಅವರು ತೆಗೆದು ಒರೆಸಿಕೊಂಡರು. ಅವರ ಪರವಾಗಿ ಅತ್ತೆ ಹೇಳಿದರು.

"ಹೆಸರು ಬದಲಾಯಿಸಬೇಕಾಗೋದು ನಿನ್ನದಲ್ಲ ಕಣಮ್ಮ, ಗುಡ್ಡದ್ದು!"

ನಮ್ಮ ಯಜಮಾನರಿಗೆ ಕನ್ನಡಕದ ಅಂಗಡಿ. ಬೆಳಗಿನಿಂದ ಸಂಜೆಯ ತನಕ ಕತ್ತಲೆ ಕೋಣೆಯಲ್ಲಿ ಕುಳಿತು, ಊರವರ ಕಣ್ಣನ್ನು ಒಂದು ಗೇಣು ದೂರದಿಂದ ನೋಡುತ್ತಾ, "ಕೆಳಗಿನ ಸಾಲು ಓದಿ… ಈಗ ಕಾಣುತ್ತಾ? ಈಗ?" ಎನ್ನುವುದು ಅವರ ಬದುಕು. ಇಂಥ ಮನುಷ್ಯನಿಗೆ ದೂರ ನೋಡಲು ಇದ್ದ ಒಂದೇ ಜಾಗ ಊರ ಹಿಂದಿನ ಗುಡ್ಡ. ಅಂಗಡಿಯ ಶಟರ್ ಎಳೆದ ಮೇಲೆ ದಪ್ಪ ಟಯರಿನ ಸೈಕಲ್ ಹತ್ತಿ ಅಲ್ಲಿಗೆ ಹೋಗುತ್ತಿದ್ದರು. ಹುಲ್ಲಿನ ನಡುವೆ ಒಂದು ತೆಳ್ಳನೆಯ ದಾರಿ, ತಿರುವಿನ ಮೇಲೆ ತಿರುವು, ಕೆಳಗೆ ಊರಿಗೆ ನೀರು ಕೊಡುವ ಕೆರೆ. ಹಿಂದಿರುಗುವಾಗ ಅವರ ಬಟ್ಟೆ ತುಂಬ ಕೆಸರು, ಮುಖ ತುಂಬ ಬೆಳಕು. ಕೆಸರಿಗಾಗಿ ನಾನು ಬೈಯುತ್ತಿದ್ದೆ. ಬೆಳಕಿನ ವಿಷಯ ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ಆ ದಾರಿಗೇ ಈಗ ಕುತ್ತು ಬಂದಿತ್ತು. ಗುಡ್ಡ ನೀರು ಸರಬರಾಜು ಇಲಾಖೆಯದು. ಕಳೆದ ಮಳೆಗಾಲದಲ್ಲಿ ಯಾರ್ಯಾರೋ ಒದ್ದೆ ಮಣ್ಣಿನಲ್ಲೇ ಸೈಕಲ್ ಓಡಿಸಿ, ಗುಂಡಿ ಕಂಡಲ್ಲಿ ಸುತ್ತುಬಳಸಿ ಹೋಗಿ ದಾರಿಯನ್ನು ಅಗಲ ಮಾಡಿದ್ದರು. ಮಣ್ಣೆಲ್ಲ ಕೆರೆಗೆ ಇಳಿದಿತ್ತು. ಇಲಾಖೆಯ ಇಂಜಿನಿಯರ್ ಅಂಗಡಿಗೇ ಬಂದು ಹೇಳಿ ಹೋಗಿದ್ದರು: "ಈ ದಾರಿ ನೋಡ್ಕೊಳ್ಳೋಕೆ ಜನ ಇದಾರೆ ಅಂತ ತೋರಿಸಿ. ಇಲ್ಲಾಂದ್ರೆ ಮಳೆಗೆ ಮುಂಚೆ ತಂತಿಬೇಲಿ ಹಾಕಿಸ್ತೀನಿ."

ಜನ! ನಮ್ಮವರಿಗೆ ಎಲ್ಲ ಕೊಟ್ಟ ದೇವರು ಜನರನ್ನು ಕರೆಯುವ ಬಾಯಿ ಕೊಟ್ಟಿಲ್ಲ. ಗಿರಾಕಿಗಳು ಯಂತ್ರದ ಮೇಲೆ ಗದ್ದ ಇಟ್ಟು ಕುಳಿತಾಗ ಇವರು ಪಿಸುಗುಟ್ಟುತ್ತಿದ್ದರು: "ಭಾನುವಾರ… ಬಿಡುವಿದ್ರೆ… ಗುಡ್ಡದ ಮೇಲೆ ಸ್ವಲ್ಪ ಕೆಲಸ… ಬರದಿದ್ರೂ ಪರವಾಗಿಲ್ಲ." ಪರವಾಗಿಲ್ಲ ಎಂದ ಮೇಲೆ ಯಾರು ಬರುತ್ತಾರೆ? ಪ್ರತಿ ಭಾನುವಾರವೂ ಗುದ್ದಲಿ ಹಿಡಿದು ಹೋಗುತ್ತಿದ್ದವರು ಇವರು ಮತ್ತು ಇವರ ಸ್ನೇಹಿತ ವೆಲ್ಡರ್, ಇಬ್ಬರೇ. ಆ ವೆಲ್ಡರ್ ಇವರಿಗಿಂತಲೂ ಮೌನಿ. ಇಬ್ಬರೂ ಸೇರಿದರೆ ಹುಲ್ಲು ಬೆಳೆಯುವ ಸದ್ದು ಕೇಳುತ್ತಿತ್ತಂತೆ.

ಹಾಗಾಗಿ ಸೌಟು ಎತ್ತಿದ್ದು!

ನಾನು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಸಾಲಿನಲ್ಲಿ ಒಂದು ಪುಸ್ತಕ ಬೆರಳಿನಷ್ಟು ಹೊರಗೆ ಚಾಚಿದ್ದರೂ ನನಗೆ ಅನ್ನ ಇಳಿಯುವುದಿಲ್ಲ. ಒಂದು ಕೆಲಸ ಕೈಗೆತ್ತಿಕೊಂಡರೆ ಅದರ ಶಾಸ್ತ್ರವನ್ನೂ ಕಲಿಯಬೇಕು. ಗುಡ್ಡದ ದಾರಿಯ ಮರ್ಯಾದೆಗಳನ್ನೆಲ್ಲ ಯಜಮಾನರಿಂದ ಹೇಳಿಸಿಕೊಂಡೆ. ಏರುವವರಿಗೆ ಇಳಿಯುವವರು ದಾರಿ ಬಿಡಬೇಕು. ನಡೆಯುವವರು ಕಂಡರೆ ಸೈಕಲ್ಲಿನವರು ನಿಲ್ಲಬೇಕು. ತಿರುವಿನಲ್ಲಿ ಗಂಟೆ ಬಾರಿಸಬೇಕು. ಗುಂಡಿಯನ್ನು ಸುತ್ತುಬಳಸಿ ಹೋಗಬಾರದು, ಅದರ ಮೇಲೇ ಹೋಗಬೇಕು. ಕಲಿತದ್ದನ್ನು ಮನೆಯಲ್ಲೇ ಜಾರಿಗೆ ತಂದೆ. ನಮ್ಮ ಮನೆಯ ಮೆಟ್ಟಿಲು ಬಲು ಕಿರಿದು.

"ಅತ್ತೆ, ನಾನು ಮೇಲೆ ಹತ್ತುತಾ ಇದೀನಿ. ಇಳಿಯೋರು ನೀವು. ನೀವೇ ದಾರಿ ಬಿಡಬೇಕು."

"ಹೌದಾ? ಆಯ್ತು," ಎಂದು ಅತ್ತೆ ತಟಕ್ಕನೆ ಹಿಂದೆ ತಿರುಗಿದರು. "ಈಗ ನಾನೂ ಹತ್ತುತಾ ಇದೀನಿ. ನಿಧಾನಕ್ಕೆ ಹತ್ತೋದು ನನ್ನ ಅಭ್ಯಾಸ. ಹಿಂದೆ ಬಾ."

ಅಂದು ಮಹಡಿ ತಲುಪುವ ಹೊತ್ತಿಗೆ ಒಲೆಯ ಮೇಲಿದ್ದ ಹಾಲು ತನ್ನ ದಾರಿ ತಾನು ಹಿಡಿದಿತ್ತು. ಅದು ಯಾರಿಗೂ ದಾರಿ ಬಿಟ್ಟಿರಲಿಲ್ಲ.

ಇರಲಿ. ಜನ ಸೇರಿಸುವ ವಿದ್ಯೆಯಲ್ಲಿ ನಾನು ಪಳಗಿದ ಕೈ. "ದಯವಿಟ್ಟು ಬನ್ನಿ" ಎಂದರೆ ಜನ ಕ್ಯಾಲೆಂಡರ್ ನೋಡುತ್ತಾರೆ. "ನಿಮ್ಮ ಕೈಲಾಗಲ್ಲ ಬಿಡಿ" ಎಂದರೆ ತೋಳೇರಿಸುತ್ತಾರೆ! ಬೀದಿ ಕೊನೆಯ ಟೈಲರಕ್ಕನಿಗೆ, "ಗುಡ್ಡ ಹತ್ತೋದು ಕುಳಿತು ಹೊಲಿದ ಹಾಗಲ್ಲವಂತೆ ಅಕ್ಕಾ" ಎಂದೆ. "ಯಾರು ಹಾಗಂದವರು? ಬರ್ತೀನಿ, ನೋಡೇಬಿಡ್ತೀನಿ!" ಎಂದರು. ನಿವೃತ್ತರಾದ ಗಣಿತದ ಮೇಷ್ಟ್ರಿಗೆ, "ವಯಸ್ಸಾದವರನ್ನ ಕರೆಯೋದು ಬೇಡ ಅಂದ್ರು ಸರ್" ಎಂದೆ. ಅವರು ಆ ಕ್ಷಣವೇ ಪಾದರಕ್ಷೆ ಹುಡುಕತೊಡಗಿದರು. ಭಾನುವಾರ ಇನ್ನೂ ದೂರವಿತ್ತು.

ಅಂತೂ ಭಾನುವಾರ ಬೆಳಗ್ಗೆ ನಮ್ಮ ಗೇಟಿನ ಮುಂದೆ ಜನವೋ ಜನ! ಸನಿಕೆ, ಗುದ್ದಲಿ, ಬುಟ್ಟಿ. ಅತ್ತೆಯ ಕೈಯಲ್ಲಿ ಉದ್ದನೆಯ ಕಡ್ಡಿಪೊರಕೆ. ಯಜಮಾನರು ಬಾಗಿಲಲ್ಲಿ ನಿಂತು ಕಣ್ಣುಜ್ಜಿಕೊಂಡರು. ಅಷ್ಟರಲ್ಲಿ ಫೋನ್ ಬಂತು. ಇಂಜಿನಿಯರ್! ತಮ್ಮ ಕನ್ನಡಕದ ಮೇಲೆ ತಾವೇ ಕುಳಿತುಬಿಟ್ಟಿದ್ದರು. ದಾರಿ ನೋಡಲು ಬರಬೇಕಾದವರಿಗೆ ಮನೆಯ ಬಾಗಿಲೇ ಕಾಣಿಸುತ್ತಿರಲಿಲ್ಲ.

"ಅಂಗಡಿ ತೆಗೆದು ಹೊಸ ಗಾಜು ಕೂರಿಸಿಕೊಟ್ಟು ಅವರನ್ನೇ ಕರ್ಕೊಂಡು ಬರ್ತೀನಿ. ಸ್ಕ್ರೂ ಬಿಗಿಯೋಕೆ ಇವನೂ ಬೇಕು," ಎಂದು ಯಜಮಾನರು ವೆಲ್ಡರನನ್ನೂ ಎಳೆದುಕೊಂಡರು. ಸೈಕಲ್ ಹತ್ತುತ್ತಾ ತಿರುಗಿ ಹೇಳಿದರು: "ನೀವು ಅಡ್ಡ ಬಂದ ಕೊಂಬೆ ಮಾತ್ರ ಕತ್ತರಿಸಿ. ನಾನು ಬರೋವರೆಗೂ ನೆಲ ಮುಟ್ಟಬೇಡಿ."

"ನೆಲ ಮುಟ್ಟದೆ ಗುಡ್ಡ ಹತ್ತೋದು ಹೇಗೆ? ಹಾರ್ಕೊಂಡು ಹೋಗ್ಲಾ?"

ಇದು ಒಳ್ಳೆಯ ಮಾತು ಎಂದು ನನಗೂ ಅನ್ನಿಸಿ ನಕ್ಕೆ. ಜನರೂ ನಕ್ಕರು. ಆ ನಗೆಯಲ್ಲಿ ಅವರ ಮಾತು ಕಳೆದುಹೋಯಿತು.

ಕೊಂಬೆಗಳು ಎಷ್ಟಿರುತ್ತವೆ? ಅಷ್ಟು ಜನ ಕೈಹಾಕಿದರೆ ಕಾಫಿ ಆರುವಷ್ಟರಲ್ಲಿ ಕೆಲಸ ಮುಗಿಯಿತು. ಮೇಷ್ಟ್ರು ಗಡಿಯಾರ ನೋಡಿದರು. ಟೈಲರಕ್ಕ, "ಇಷ್ಟೇನಾ? ಇದಕ್ಕಾ ಅಷ್ಟು ಹೆದರಿಸಿದ್ದು?" ಎಂದರು. ಇನ್ನೊಂದು ಗಳಿಗೆ ಬಿಟ್ಟರೆ ನನ್ನ ಸೈನ್ಯ ಮನೆ ಸೇರುತ್ತದೆ! ಆಗ ನಾನು ಮೊದಲ ಸಲ ಆ ದಾರಿಯನ್ನು ಲೈಬ್ರರಿಯ ಕಣ್ಣಿನಿಂದ ನೋಡಿದೆ.

ಅಯ್ಯೋ, ಅದೆಂಥ ಅವತಾರ! ದಾರಿ ಇಡೀ ಕಣಿವೆಯ ಕಡೆಗೆ ವಾಲಿಕೊಂಡಿತ್ತು. ಹೊರಗಿನ ಅಂಚಿನಲ್ಲಿ ಅಲ್ಲಲ್ಲಿ ಯಾರೋ ಕಚ್ಚಿ ತಿಂದಂತೆ ಹಳ್ಳಗಳು. ತಿರುವಿನಲ್ಲಿ ಕಲ್ಲುಗಳು ದಾರಿಯ ನಡುವೆಯೇ ಹೂತುಕೊಂಡಿದ್ದವು. ಇಷ್ಟು ಭಾನುವಾರ ಈ ಇಬ್ಬರು ಮೌನಿಗಳು ಇಲ್ಲಿ ಏನು ಮಾಡುತ್ತಿದ್ದರು? ಕರುಣೆ ಉಕ್ಕಿ ಬಂತು. ಪಾಪ, ಗಂಡಸರು. ಮನೆಯಲ್ಲಿ ಹಾಸಿಗೆಯ ಹೊದಿಕೆಯನ್ನೂ ನೆಟ್ಟಗೆ ಎಳೆಯಲು ಬಾರದವರು ಗುಡ್ಡವನ್ನು ಹೇಗೆ ಓರಣ ಮಾಡಿಯಾರು?

"ಬನ್ನಿ!" ಎಂದೆ. "ಹಳ್ಳ ಮುಚ್ಚಿ! ವಾಲಿದ ಕಡೆ ಮಣ್ಣು ತುಂಬಿ ಮಟ್ಟ ಮಾಡಿ! ಕಲ್ಲು ಕಿತ್ತು ಅಂಚಿನುದ್ದಕ್ಕೂ ಸಾಲಾಗಿ ಜೋಡಿಸಿ!"

ಮೇಷ್ಟ್ರು ದಾರ ಹಿಡಿದು ಮಟ್ಟ ನೋಡಿದರು. ಟೈಲರಕ್ಕ ಕಲ್ಲಿನ ಸಾಲನ್ನು ಸೀರೆಗೆ ಅಂಚು ಕೂರಿಸಿದ ಹಾಗೆ ಕೂರಿಸಿದರು. ಅತ್ತೆ ಮೇಲಿನಿಂದ ಕೆಳಗೆ ಗುಡಿಸಿಕೊಂಡು ಬಂದರು. ನಡುವೆ ಒಬ್ಬ ಸೈಕಲ್ ಸವಾರ ಗಂಟೆ ಬಾರಿಸುತ್ತಾ ಇಳಿದು ಬಂದ. ಅತ್ತೆ ತಕ್ಷಣ ಗುಡಿಸುವ ದಿಕ್ಕು ಬದಲಿಸಿ ಮೇಲಕ್ಕೆ ತಿರುಗಿದರು. "ಏನಪ್ಪಾ, ನಾನು ಹತ್ತುತಾ ಇದೀನಿ. ನಿಲ್ಲು." ಅವನು ನಿಂತ. ಅತ್ತೆ ಗುಡಿಸುತ್ತಲೇ ಇದ್ದರು. ಅವನೂ ನಿಂತೇ ಇದ್ದ. ಕೊನೆಗೆ ಸೈಕಲ್ ಒರಗಿಸಿ, ಒಂದು ಬುಟ್ಟಿ ಎತ್ತಿಕೊಂಡು ನಮ್ಮ ಜೊತೆ ಸೇರಿದ.

ಬಿಸಿಲೇರುವ ಹೊತ್ತಿಗೆ ಆ ದಾರಿ, ಏನು ಹೇಳಲಿ, ಹೊಸದಾಗಿ ಬಾಚಿ ಬೈತಲೆ ತೆಗೆದ ತಲೆಯ ಹಾಗೆ ಹುಲ್ಲಿನ ನಡುವೆ ಹೊಳೆಯುತ್ತಿತ್ತು. ಒಂದು ಎಲೆ ಇಲ್ಲ, ಒಂದು ಹಳ್ಳ ಇಲ್ಲ. ನನ್ನ ಕಣ್ಣು ತುಂಬಿ ಬಂತು.

ಆಗ ಕೆಳಗಿನ ತಿರುವಿನಲ್ಲಿ ಯಜಮಾನರು, ವೆಲ್ಡರ್ ಮತ್ತು ಹೊಸ ಗಾಜಿನ ಇಂಜಿನಿಯರ್ ಕಾಣಿಸಿದರು. ಯಜಮಾನರು ದಾರಿ ನೋಡಿದರು. ನೋಡುತ್ತಲೇ ಅಲ್ಲೇ ಕುಳಿತುಬಿಟ್ಟರು. ವೆಲ್ಡರ್ ಬಾಯಿ ತೆರೆದ. ನಾನು ಅವನನ್ನು ಬಲ್ಲಂದಿನಿಂದ ಅವನ ಮೊದಲ ಮಾತು: "ಅಯ್ಯೋ."

"ಇದನ್ನೆಲ್ಲ ಮಾಡಿದ್ದು ಯಾರು?" ಎಂದರು ಇಂಜಿನಿಯರ್.

"ನಾವು! ನಾವು!" ಎಂದು ಎಲ್ಲರೂ ಎದೆ ಉಬ್ಬಿಸಿದರು. ಆಮೇಲೆ ಅವರ ಮುಖ ನೋಡಿ, ಎಲ್ಲರೂ ಒಟ್ಟಿಗೆ ನನ್ನತ್ತ ಬೆರಳು ತೋರಿಸಿದರು.

"ಏನಾಯ್ತೀಗ? ಎಷ್ಟು ಚೊಕ್ಕಟವಾಗಿದೆ ನೋಡಿ ಸರ್!" ಎನ್ನುತ್ತಾ ನಾನು ಮೇಲಿನ ತಿರುವಿನಲ್ಲಿ ನಿಂತು ಎರಡೂ ತೋಳು ಚಾಚಿದೆ. ಹಿಂದೆ ಬಂಡೆಯ ಮೇಲೆ ಕುಳಿತಿದ್ದ, ನಮಗೆಲ್ಲ ತಂದಿದ್ದ ಕುಡಿಯುವ ನೀರಿನ ಡ್ರಮ್ ನನ್ನ ಮೊಣಕೈಗೆ ತಾಗಿ ಮಗುಚಿಕೊಂಡಿತು.

ಆ ನೀರು! ಎಡಕ್ಕೆ ಹೋಗಲು ಗುಡ್ಡ ಬಿಡಲಿಲ್ಲ, ಬಲಕ್ಕೆ ಹೋಗಲು ಟೈಲರಕ್ಕನ ಕಲ್ಲಿನ ಅಂಚು ಬಿಡಲಿಲ್ಲ. ಮೇಷ್ಟ್ರು ಮಟ್ಟ ಮಾಡಿದ ನೆಲದ ಮೇಲೆ ಅದು ದಾರಿಯುದ್ದಕ್ಕೂ ನೆಟ್ಟಗೆ ಓಡಿತು. ಹೊಸ ಮಣ್ಣನ್ನು ಕಬಳಿಸುತ್ತಾ, ಕಾಗದದ ಲೋಟಗಳನ್ನು ದೋಣಿಗಳ ಹಾಗೆ ತೇಲಿಸುತ್ತಾ, ಅತ್ತೆಯ ಪೊರಕೆಯನ್ನೂ ಜೊತೆಗೆ ಕರೆದುಕೊಂಡು, ಕೆಳಗಿನ ತಿರುವಿನಲ್ಲಿ ಇಂಜಿನಿಯರರ ಬೂಟಿನ ಒಳಗೆ ವಿಶ್ರಮಿಸಿತು.

ಅವರು ಹೊಸ ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು.

"ನನ್ನ ಸರ್ವೀಸಿನಲ್ಲಿ ನಮ್ಮ ಇಲಾಖೆ ಇಷ್ಟು ಒಳ್ಳೆ ಕಾಲುವೆ ಕಟ್ಟಿಲ್ಲಮ್ಮ. ಒಂದು ಹನಿ ಸೋರಲಿಲ್ಲ. ಮಳೆ ಬಂದ್ರೆ ಇಡೀ ಗುಡ್ಡ ನೇರ ಕೆರೆಗೆ! ನಾಳೆನೇ ಬೇಲಿ ಹಾಕಿಸ್ತೀನಿ."

ಯಾರೂ ನಗಲಿಲ್ಲ. ಯಜಮಾನರು ತಿರುಗಿ ಕೆರೆಯಾಚೆಯ ದೂರವನ್ನು ನೋಡುತ್ತಿದ್ದರು, ಕೊನೆಯ ಸಲ ನೋಡುವವರ ಹಾಗೆ. ನನ್ನ ಗಂಟಲು ಒಣಗಿತು. ಕುಡಿಯಲು ನೀರೂ ಇರಲಿಲ್ಲ.

"ನೀವು ಬೈದುಬಿಡಿ," ಎಂದೆ.

ಅವರು ಬೈಯಲಿಲ್ಲ. ಎದ್ದು ನಿಂತು, ಗಿರಾಕಿಗಳ ಹತ್ತಿರ ಪಿಸುಗುಟ್ಟುವ ಆ ಮನುಷ್ಯ ಗುಡ್ಡಕ್ಕೇ ಕೇಳುವಂತೆ ಮಾತಾಡಿದರು.

"ಹತ್ತೋವರಿಗೆ ದಾರಿ ಬಿಡ್ತೀವಿ, ನಡೆಯೋವರಿಗೆ ಬಿಡ್ತೀವಿ. ನೀರಿಗೂ ಬಿಡಬೇಕು. ಅದಕ್ಕೇ ದಾರಿ ವಾಲಿರೋದು. ಆ ಹಳ್ಳಗಳು ನೀರಿನ ಬಾಗಿಲು. ನಡುವೆ ಕಲ್ಲು ಕೂರಿಸಿದ್ದು ತಿರುವಿನ ಮಣ್ಣು ಹೋಗದೇ ಇರಲಿ ಅಂತ. ಇವಳು ಹೇಳಿದ್ದು ತಪ್ಪು ಕೆಲಸ. ಆದ್ರೆ ಸರ್, ನೀವು ಕೇಳಿದ ಜನ ಇಲ್ಲೇ ಇದಾರಲ್ಲ."

ಟೈಲರಕ್ಕ ಸೆರಗು ಸಿಕ್ಕಿಸಿದರು. "ಅಷ್ಟೇ ತಾನೇ? ತಪ್ಪು ಹೊಲಿಗೆ ಬಿಚ್ಚಿದ್ರೆ ಬಟ್ಟೆ ಏನೂ ಹಾಳಾಗಲ್ಲ. ಬಿಚ್ಚಿ ಹೊಲಿಯೋಣ, ನಡೀರಿ!"

ಇಂಜಿನಿಯರ್ ಬೂಟು ಬಗ್ಗಿಸಿ ನೀರು ಚೆಲ್ಲಿದರು. "ಮೊದಲ ಮಳೆ ಬರಲಿ. ಕೆಂಪು ನೀರು ಕೆರೆಗೆ ಬಂದ್ರೆ ಬೇಲಿ. ಬರದಿದ್ರೆ ನೋಡೋಣ."

ಕಟ್ಟುವುದಕ್ಕಿಂತ ಬಿಚ್ಚುವುದು ಕಷ್ಟ. ಆದರೆ ಈಗ ಪ್ರತಿಯೊಬ್ಬರಿಗೂ ತಾವು ಏನು ಮಾಡುತ್ತಿದ್ದೇವೆ ಎಂಬುದು ಗೊತ್ತಿತ್ತು. ಮೇಷ್ಟ್ರು ಅದೇ ದಾರದಲ್ಲಿ ದಾರಿ ಎಷ್ಟು ವಾಲಬೇಕೆಂದು ಅಳೆದರು. ವೆಲ್ಡರ್ ಒಂದೊಂದೇ ಕಲ್ಲನ್ನು ಅದರ ಹಳೆಯ ಗೂಡಿಗೆ ಮರಳಿಸಿದ. ನಾನು ಮುಚ್ಚಿಸಿದ ಹಳ್ಳಗಳನ್ನು ನಾನೇ ಕೈಯಾರೆ ತೆರೆದೆ. ಹೊತ್ತು ಮುಳುಗಿತು. ಮುಂದಿನ ಭಾನುವಾರವೂ ಹೋದೆವು.

ಮೊದಲ ಮಳೆ ಬಿದ್ದಾಗ ನಾವೆಲ್ಲ ಕೊಡೆ ಹಿಡಿದು, ಒದ್ದೆ ದಾರಿ ತುಳಿಯದೆ, ಕೆರೆಯ ಏರಿಯ ಮೇಲಿಂದಲೇ ನೋಡಿದೆವು. ನೀರು ದಾರಿಗೆ ಬಂತು, ಒಂದಿಷ್ಟು ನಡೆಯಿತು, ಬಾಗಿಲು ಸಿಕ್ಕಿದಲ್ಲೆಲ್ಲ ಹುಲ್ಲಿನೊಳಗೆ ಸದ್ದಿಲ್ಲದೆ ಇಳಿದುಹೋಯಿತು. ಮನೆಗೆ ಬಂದ ಸಂಭಾವಿತ ನೆಂಟರ ಹಾಗೆ. ಇಂಜಿನಿಯರ್ ಕೆರೆಯ ನೀರನ್ನು ಅಂಗೈಯಲ್ಲಿ ಎತ್ತಿ ನೋಡಿ, "ಸರಿ," ಎಂದರು. ಯಜಮಾನರು ಕನ್ನಡಕ ಒರೆಸಿಕೊಂಡರು. ಮಳೆ ಅಷ್ಟೇನೂ ಜೋರಾಗಿರಲಿಲ್ಲ.

ಅಂದಿನಿಂದ ಒಂದು ಭಾನುವಾರವೂ ಜನ ತಪ್ಪಿಲ್ಲ. ಬರಬರುತ್ತಾ ಹೆಚ್ಚೇ ಆಗುತ್ತಿದ್ದಾರೆ. ಅದೂ ನಮ್ಮ ಮೌನಿ ಯಜಮಾನರು ಕರೆದರೆ! ನನ್ನ ಈ ವಿದ್ಯೆ ಇವರಿಗೆ ಎಲ್ಲಿಂದ ಬಂತು? ಮೊನ್ನೆ ಊಟಕ್ಕೆ ಬಡಿಸುತ್ತಾ ತಡೆಯಲಾರದೆ ಕೇಳಿಯೇಬಿಟ್ಟೆ.

"ಏನ್ರೀ, ಗಿರಾಕಿಗಳ ಹತ್ರ ಅದೇನು ಹೇಳ್ತೀರಿ? ಅಷ್ಟು ಜನ ಓಡೋಡಿ ಬರ್ತಾರಲ್ಲ!"

"ಹೆಚ್ಚೇನಿಲ್ಲ," ಎಂದರು ಅವರು, ನನ್ನ ಕೈಯ ಸೌಟು ನೋಡಿ ಮೊದಲೇ ಕನ್ನಡಕ ತೆಗೆದಿಟ್ಟು. "ಭಾನುವಾರ ಬಿಡುವಿದ್ರೆ ಬನ್ನಿ, ಬರದಿದ್ರೂ ಪರವಾಗಿಲ್ಲ, ಹೇಗೂ ನನ್ನ ಹೆಂಡತಿ ಒಬ್ಬಳೇ ಪೊರಕೆ ತಗೊಂಡು ಹೊರಟಿದ್ದಾಳೆ ಅಂತೀನಿ. ಅಷ್ಟೇ."