ಮಾವನ ಮೂಗು ಮತ್ತು ಗ್ಯಾಸ್ ಒಲೆ

ನಮ್ಮ ಸೋದರಮಾವನಷ್ಟು ಧೈರ್ಯವಂತರು ಇಡೀ ದಾವಣಗೆರೆಯಲ್ಲಿ ಇರಲಿಲ್ಲ. ಬೆಂಕಿ, ನೀರು, ಗುಡುಗು, ಹಲ್ಲಿ, ಇಷ್ಟು ಬಿಟ್ಟರೆ ಯಾವುದಕ್ಕೂ ಹೆದರಿದವರಲ್ಲ! ಹರಿಹರದ ನಮ್ಮ ಮನೆಗೆ ಬರುವಾಗ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಬಾಗಿಲ ಬಳಿಯೇ ನಿಂತು ಬರುತ್ತಿದ್ದರು. ಏನಾದರೂ ಆದರೆ ಹಾರಬೇಕಲ್ಲ? ಅಂಥವರ ಮನೆಯಲ್ಲಿದ್ದುಕೊಂಡು ಅರವತ್ತರ ದಶಕದ ಕೊನೆಯಲ್ಲಿ ನಾನು ಕಾಲೇಜು ಓದಿದೆ.

ಅತ್ತೆಗೆ ಕೆಮ್ಮು. ಸೌದೆ ಒಲೆಯ ಹೊಗೆ ಕುಡಿದು ಕುಡಿದು ಬಂದ ಕೆಮ್ಮು. "ಇನ್ನೊಂದು ಮಳೆಗಾಲ ಈ ಹೊಗ್ಯಾಗ ಕುಂತ್ರೆ ನಾನೇನೂ ಹೇಳಾಕ ಬರಲ್ರಿ" ಎಂದುಬಿಟ್ಟರು ಡಾಕ್ಟರು. ಮಾವ ಬೆವೆತುಹೋದರು. ಊರಿಗೆ ಆಗಷ್ಟೇ ಕಾಲಿಟ್ಟಿದ್ದ ಗ್ಯಾಸಿಗೆ ಅಂದೇ ಹೆಸರು ಬರೆಸಿ ಬಂದರು.

ಜೋಡಿಸಲು ಬಂದವನು ಪಾಪ, ಒಳ್ಳೆಯವನು. "ಯಜಮಾನ್ರೆ, ಈ ಗ್ಯಾಸು ಗಾಳಿಗಿಂತ ಭಾರ. ಸೋರಿದ್ರೆ ನೆಲದ ಮ್ಯಾಲೆ ಕುಂದರ್ತೈತೆ. ಗ್ವಾಡಿ ಕೆಳಗ ಒಂದು ಕಿಂಡಿ ಇದ್ರೆ ಚಲೋ" ಎಂದ. ಮಾವ ಗೌಂಡಿಯನ್ನು ಕರೆಸಿ ನಾಲ್ಕು ಕೊರೆಸಿದರು. ಗ್ಯಾಸು ಹೊರಗೆ ಹೋಗುವುದಿರಲಿ, ಓಣಿಯ ಬೆಕ್ಕುಗಳೆಲ್ಲ ಒಳಗೆ ಬಂದವು. ವಾರವಿಡೀ ಹಾಲಿಲ್ಲದ ಚಹಾ.

"ಜಾಲರಿ ಹಾಕಿಸ್ರಿ" ಎಂದರು ಅತ್ತೆ.

"ಜಾಲರ್ಯಾಗ ಗ್ಯಾಸು ಸಿಕ್ಕಂಡ್ರೆ?"

ಪೈಪಿಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಎದ್ದರೆ ಸೋರುತ್ತಿದೆ ಎಂದರ್ಥ ಅಂತಲೂ ಗ್ಯಾಸು ಜೋಡಿಸಿದವನು ಹೇಳಿ ಹೋಗಿದ್ದ. ಮಾವ ಓಣಿಯ ತುದಿಯ ತಮ್ಮ ಅಂಗಡಿಯಿಂದ ಎದ್ದು ಬಂದು ಬಂದು ದಿನಕ್ಕೆ ಮೂರು ಸಲ ಹಚ್ಚತೊಡಗಿದರು. "ಸಿಲಿಂಡರಿಗೆ ಮೂರು ಸ್ನಾನ, ನಿಮಗ ಒಂದಕ್ಕೂ ಪುರಸೊತ್ತಿಲ್ಲ" ಎಂದರು ಅತ್ತೆ, ಕೆಮ್ಮುತ್ತ. ಹೌದು, ಕೆಮ್ಮುತ್ತಲೇ! ಇಷ್ಟೆಲ್ಲ ಆದರೂ ಮಾವ ಗ್ಯಾಸು ಹೊತ್ತಿಸಲು ಬಿಟ್ಟಿರಲಿಲ್ಲ. ಸಿಲಿಂಡರು ಮೂಲೆಯಲ್ಲಿ ಹೊಸ ಅಳಿಯನಂತೆ ಸುಮ್ಮನೆ ಕೂತಿತ್ತು, ಅಡಿಗೆ ಸೌದೆಯ ಮೇಲೆಯೇ ನಡೆದಿತ್ತು.

ಕಾರಣ ಮೂಗು. ಸೋರಿದರೆ ವಾಸನೆ ಬರುತ್ತದಂತೆ. ಮಾವನದೋ, ಮೂವತ್ತು ವರ್ಷ ನಶ್ಯ ಏರಿಸಿ ಮಲ್ಲಿಗೆಗೂ ಸೀಮೆಎಣ್ಣೆಗೂ ವ್ಯತ್ಯಾಸ ತಿಳಿಯದ ಮೂಗು. ಅತ್ತೆಯದು ಸದಾ ಕಟ್ಟಿದ ಮೂಗು.

"ನನ್ನ ಮೂಗು ಇದೆಯಲ್ಲ ಮಾವ" ಎಂದೆ.

"ನೀನು ಕಾಲೇಜಿಗೆ ಹೋದ ಮ್ಯಾಲೆ?"

ಮರುದಿನ ನಶ್ಯದ ಡಬ್ಬಿ ತಿಪ್ಪೆ ಸೇರಿತು. ಅಬ್ಬಾ, ಆಮೇಲಿನ ದಿನಗಳು! ಗಿರಾಕಿಗಳ ಮೇಲೆ ರೇಗಿದರು, ನನ್ನ ಮೇಲೆ ರೇಗಿದರು, ಅಂಗಳದಲ್ಲಿ ಶತಪಥ ಹಾಕಿದರು. ದಿನಾ ಒಗ್ಗರಣೆಯ ಹೊತ್ತಿಗೆ ಹಿತ್ತಲಲ್ಲಿ ನಿಂತು ಮೂಗರಳಿಸುವುದು, ಏನೂ ತಿಳಿಯದೆ ತಲೆ ತಗ್ಗಿಸಿ ಹೋಗುವುದು. ಮೂರನೆಯ ವಾರ ಹಿತ್ತಲಿಂದ ದನಿ ಬಂತು: "ಲೇ, ಇವತ್ತು ಸಾರಿಗೆ ಇಂಗು ಹಾಕೀ ಏನು?"

ಅಂದೇ ಗ್ಯಾಸು ಹೊತ್ತಿತು.

ಎರಡು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಮಾವ ಬಚ್ಚಲಿನಿಂದ ಮೈಯೆಲ್ಲ ನೀರು ಸುರಿಸುತ್ತ, ಟವೆಲ್ಲು ಸುತ್ತಿಕೊಂಡು ಅಡಿಗೆಮನೆಗೆ ಓಡಿದರು. ಹಿಂದೆಯೇ ನಾನೂ ಓಡಿದೆ. ಅತ್ತೆ ರೊಟ್ಟಿ ತಟ್ಟುತ್ತಿದ್ದರು.

"ಏನಾತು? ಯಾಕ ಹಿಂಗ ಓಡಿ ಬಂದ್ರಿ?"

"ನಿನ್ನ ಕೆಮ್ಮು ಕೇಳಲಿಲ್ಲ."

"ಕೆಮ್ಮು ನಿನ್ನೆ ರಾತ್ರಿಯಿಂದ ನಿಂತೈತಿ."

ಮಾವ ಗೋಡೆಗೆ ಒರಗಿ ಕೂತರು. ಅವರ ಕಣ್ಣು ತುಂಬಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅಂಗೈಯಿಂದ ಮುಖ ಒರೆಸಿಕೊಂಡು ಹೇಳಿದರು:

"ಇಷ್ಟು ವರ್ಷ ಆ ಕೆಮ್ಮು ಕೇಳಿದ್ರೆ ನೀನು ಅದೀ ಅಂತ ಗೊತ್ತಾಗ್ತಿತ್ತು. ಇನ್ನ ಮ್ಯಾಲೆ ಕೆಲಸದಾಗ ಇದ್ರೂ ಆಗಾಗ ನನ್ನ ಒಂದು ಸಲ ಕರೀತಿರು."