ಕ್ಷೌರದಂಗಡಿಗೆ ಬಂದ ಸ್ಪೇನಿನ ಕತ್ತಿ

ಹೆಂಡತಿ: ಮಂಚದ ಮೇಲೊಂದು ಕತ್ತಿ, ಫ್ರಿಜ್ ಮೇಲೊಂದು, ಬಚ್ಚಲ ಬಾಗಿಲ ಹಿಂದೊಂದು. ಸಾಲದೂಂತ ಈಗ ಅಂಗಡಿಗೂ ಬಂತಾ?

ಗಂಡ: ಮನೇಲಿ ಗೋಡೆ ಖಾಲಿ ಇಲ್ಲ ಅಂದೋಳು ನೀನೇ ಅಲ್ವಾ?

ಹೆಂಡತಿ: ಇನ್ನೊಂದು ತರಬೇಡಿ ಅಂತ ಅಂದಿದ್ದು. ಬೇರೆ ಗೋಡೆ ಹುಡುಕಿ ಅಂತಲ್ಲ.

ಗಂಡನಿಗೆ ಊಟದ ಡಬ್ಬಿ ತಂದವಳು ಅದನ್ನು ಕೆಳಗಿಡುವುದನ್ನೂ ಮರೆತು ನಿಂತಿದ್ದಳು. ಕ್ಷೌರದ ಕುರ್ಚಿಯ ಹಿಂದಿನ ಗೋಡೆಯಲ್ಲಿ ಚಿನ್ನದ ಬಣ್ಣದ ಹಿಡಿಯ ಉದ್ದನೆಯ ಕತ್ತಿ ಅಡ್ಡಡ್ಡ ಮಲಗಿತ್ತು; ಹಿಂದಿನ ಕಾಲದ ಸ್ಪೇನಿನ ಸೇನಾಪತಿಯೊಬ್ಬನ ಕತ್ತಿಯ ನಕಲಂತೆ. ಎಲ್ಲರಿಗೂ ಚೆನ್ನಾಗಿ ಕಾಣಲಿ ಎಂದು ಪುಣ್ಯಾತ್ಮ ಮೊಳೆಯನ್ನು ಕೆಳಗೇ ಹೊಡೆದಿದ್ದ. ಕುರ್ಚಿಯಲ್ಲಿ ಒಬ್ಬ ಬಸ್ ಡ್ರೈವರ್, ಮುಖದ ತುಂಬ ನೊರೆ.

ಡ್ರೈವರ್: ನಾನು ಬರ್ತೀನಣ್ಣ. ಬಸ್ಸಿಗೆ ಹೊತ್ತಾಯ್ತು.

ಗಂಡ: ಇವತ್ತು ರಜ ಅಂದ್ರಲ್ಲ?

ಡ್ರೈವರ್: ರಜಾನೇ. ಆದ್ರೂ ಹೊತ್ತಾಯ್ತು.

ನೊರೆ ಒರೆಸಿಕೊಳ್ಳುತ್ತಲೇ ಆತ ರಸ್ತೆ ದಾಟಿದ.

ಗಂಡ: ನೋಡಿದ್ಯಾ, ಕತ್ತಿ ಕಂಡ ತಕ್ಷಣ ಎದ್ದು ನಿಂತ್ರು. ಬೆಳಗಿಂದ ಎಲ್ಲರೂ ಹಾಗೇ. ಗೌರವ ಕಣೇ.

ಹೆಂಡತಿ: ಎದ್ದೋರು ಒಬ್ಬರಾದ್ರೂ ಮತ್ತೆ ಕೂತ್ರಾ?

ಗಂಡ: ಗೌರವ ಜಾಸ್ತಿಯಾದ್ರೆ ಕೂರಕ್ಕಾಗಲ್ಲ.

ಹೆಂಡತಿ: ಎದುರಿನ ಕ್ಷೌರದಂಗಡೀಲಿ ಆರಾಮಾಗಿ ಕೂತಿದ್ದಾರೆ, ನೋಡಿ. ಹೀಗೇ ಆದ್ರೆ ಅಂಗಡಿ ಬಾಗಿಲು ಹಾಕ್ಕೊಂಡು ನಾವಿಬ್ಬರೇ ಗೌರವ ಕೊಟ್ಕೊಂಡಿರಬೇಕು. ಅಷ್ಟಕ್ಕೂ ಆ ಸ್ಪೇನಿನ ಸೇನಾಪತಿಗೂ ನಿಮಗೂ ಏನು ನೆಂಟು?

ಗಂಡ: ಕತ್ತಿ ಜೊತೆ ಬಂದ ಚಿತ್ರದಲ್ಲಿ ಅವನ ಗಡ್ಡ ನೋಡಿದೀಯಾ? ತುದಿ ಹೇಗೆ ಚೂಪಾಗಿದೆ. ಯಾರೋ ನಮ್ಮಂಥೋನೇ ಮಾಡಿದ್ದು. ಯುದ್ಧ ಗೆದ್ದೋನನ್ನ ಎಲ್ಲರೂ ನೆನೀತಾರೆ. ಅವನ ಕೆನ್ನೆ ನುಣ್ಣಗೆ ಮಾಡಿ ಕಳಿಸಿದೋನನ್ನ ಯಾರು ನೆನೀತಾರೆ? ಆ ಕ್ಷೌರದೋನಿಗೋಸ್ಕರ ಇದನ್ನ ತಂದೆ ಅಂತಿಟ್ಕೋ.

ಹೆಂಡತಿಗೆ ಒಳಗೊಳಗೇ ಅಯ್ಯೋ ಪಾಪ ಅನ್ನಿಸಿತು. ಆದರೆ ಅಂಗಡಿ ಖಾಲಿ ಹೊಡೆಯುತ್ತಿತ್ತು.

ಹೆಂಡತಿ: ಸರಿ. ಒಂದ್ಸಲ ಈ ಕುರ್ಚೀಲಿ ಕೂತ್ಕೊಳ್ಳಿ.

ಗಂಡ: ನಾನ್ಯಾಕೆ? ಇಷ್ಟು ವರ್ಷದಲ್ಲಿ ಒಂದ್ಸಲಾನೂ ಕೂತಿಲ್ಲ.

ಹೆಂಡತಿ: ಅದಕ್ಕೇ ಕೂರಿ ಅಂದಿದ್ದು.

ಕೂತ. ಅವಳು ಬಟ್ಟೆ ಹೊದಿಸಿ, ಗಂಟು ಬಿಗಿದು, ನೊರೆ ಹಚ್ಚಿ, ಕ್ಷೌರದ ಕತ್ತಿ ಬಿಚ್ಚಿದಳು. ಅವನು ತಲೆಯೆತ್ತಿ ಕನ್ನಡಿ ನೋಡಿದ. ಸೇನಾಪತಿಯ ಕತ್ತಿ ಅವನ ಕುತ್ತಿಗೆಗೆ ಸರಿಯಾಗಿ ಈ ಕಿವಿಯಿಂದ ಆ ಕಿವಿಯವರೆಗೆ ಹಾದುಹೋಗಿತ್ತು. ಪಕ್ಕದಲ್ಲಿ ಇನ್ನೊಂದು ಕತ್ತಿ ಹಿಡಿದು ಹೆಂಡತಿ ನಗುತ್ತಿದ್ದಳು.

ಗಂಡ: ತೆಗೆದುಬಿಡ್ತೀನಿ ಕಣೇ.

ಹೆಂಡತಿ: ಮಂಚದ ಮೇಲಿಂದು?

ಗಂಡ: ಅದನ್ನೂ.

ಹೆಂಡತಿ: ನಮ್ಮಕ್ಕನ ಮನೆಗೆ ಯಾವಾಗ ಹೋಗೋದು? ವರ್ಷದಿಂದ ಕೇಳ್ತಿದೀನಿ.

ಗಂಡ: ನಾಳೆ ಬೆಳಿಗ್ಗೆನೇ. ಎರಡು ದಿನ ಇದ್ದು ಬರೋಣ.

ಹೆಂಡತಿ: ಸೋರೋ ನಲ್ಲಿ?

ಗಂಡ: ಇವತ್ತೇ ರಿಪೇರಿ. ಸ್ವಲ್ಪ ಅದನ್ನ ಮಡಚು ಮಾರಾಯ್ತಿ.

ಮಡಚಿದಳು. ಗಂಡ ಛಂಗನೆ ಎದ್ದು, ನೊರೆ ಮೆತ್ತಿದ ಮುಖದಲ್ಲೇ ಮೊಳೆ ಕೀಳಲು ಹೊರಟ.

ಹೆಂಡತಿ: ರೀ, ನಿಲ್ಲಿ. ಕತ್ತಿ ಇರಲಿ.

ಗಂಡ: ಮತ್ತೆ ಗಿರಾಕಿಗಳು?

ಹೆಂಡತಿ: ಗಿರಾಕಿಗಳಿಗೆ ಹೊಸ ಕುರ್ಚಿ ತಂದ್ರಾಯ್ತು. ಈ ಕತ್ತಿ, ಕನ್ನಡಿ, ಕುರ್ಚಿ ಮೂರನ್ನೂ ಒಟ್ಟಿಗೆ ಮನೆಗೆ ಸಾಗಿಸಿ.